ಪರಾತದ ನೀರು

ಮಜಗಾಂವದ ಈ ಕಟ್ಟಡಕ್ಕೆ ನೀರು ಬರುವುದು
ನಸುಕಿನ ನಾಲ್ಕೂ ಹತ್ತಕ್ಕೆ.
ಮೊದಲು ನಳ ಕೆಮ್ಮುತ್ತದೆ, ಆಮೇಲೆ ಗಾಳಿ ಉಗುಳುತ್ತದೆ,
ಆಮೇಲೆ ವಾಸನೆ. ಆ ವಾಸನೆ ನನ್ನದು.
ಹತ್ತೊಂಬತ್ತು ವರ್ಷದಿಂದ ಪಾಲಿಕೆಯಲ್ಲಿ
ನೀರು ತಪಾಸುವ ಕೆಲಸ; ಸೆರಗಿಗೂ ಅದೇ,
ನಾನು ಬಡಿದ ರೊಟ್ಟಿಗೂ ಅದೇ ಎಂದು ನಮ್ಮತ್ತೆ
ಇಂಡಿಯಿಂದ ಬಂದಾಗಲೊಮ್ಮೆ ಮೂಗು ಮುರಿಯುತ್ತಾಳೆ.

ಮಾಳಿಗೆಯ ಮೇಲೆ ಹುಸೇನ್ ಪರ್ಕಾರ್ ಚಾಚಾನ ಪಾರಿವಾಳಗಳು,
ಅರವತ್ತೆರಡು. ಗಿರೇಬಾಜ್ ಹೆಚ್ಚು, ಲಕ್ಕಾ ಎರಡೇ ಜೋಡಿ.
ಬೆಳಿಗ್ಗೆ ಹಾರಿದರೆ ಮಗ್ರಿಬ್ ಬಾಂಗಿಗೆ ಇಳಿಯುವಂಥವು.
ಹಡಗಿನ ಕಾರ್ಖಾನೆಯಲ್ಲಿ ಬೆಸುಗೆ ಹಾಕಿ ಹಾಕಿ
ಅರ್ಧ ಕಣ್ಣು ಕಳಕೊಂಡವನು
ಮೋಡದೊಳಗಿನ ಚುಕ್ಕೆಯನ್ನು ಮಾತ್ರ
ಹೆಸರು ಹಿಡಿದು ಕರೆಯುತ್ತಾನೆ.

ಅವನಿಗೆ ನನ್ನ ಇಲಾಖೆಯ ಮೇಲೆ ಹಳೆಯ ಸಿಟ್ಟು.
“ಮರಿಗೆ ಹಾಲು ಕೊಡೋ ಹಕ್ಕಿ, ಬೇಟಿ. ಅದರ ಗಂಟಲಿಗೆ
ನೀವು ದವಾ ಸುರೀತೀರಿ.”
ಅದಕ್ಕೇ ಸಂಜೆ ಪರಾತದ ತುಂಬ ನೀರು ಹೊಯ್ದು
ಆಕಾಶಕ್ಕೆ ತೆರೆದು ಇಡುತ್ತಾನೆ,
ಬೆಳಗಾಗುವುದರೊಳಗೆ ದವಾ ಹಾರಿಹೋಗಲಿ ಎಂದು.
ಹಾರುವುದೂ ಹೌದು. ನಾನೇ ಬಲ್ಲೆ.
ಅವನ ಮಾಳಿಗೆಯಿಂದ ಹಾರಿ ತಿರುಗಿ ಬಾರದ್ದು ಅದೊಂದೇ.

ಆಷಾಢದಲ್ಲಿ ಕೆರೆಗಳಿಗೆ ಕೆಂಪು ನೀರು ಇಳಿದಾಗ
ಭಾಂಡೂಪಿನಲ್ಲಿ ಕೈ ತುಸು ಹೆಚ್ಚೇ ಸುರಿಯುತ್ತದೆ.
ಆ ವಾರವೇ ಮರಿಗಳು ಜೋಲು ಬಿದ್ದವು.
ನಾಲ್ಕು ಅಂತಸ್ತು ಇಳಿದು ಬಂದು ಬಾಗಿಲಲ್ಲೇ ನಿಂತ,
ಲುಂಗಿಯ ಮಡಿಲಲ್ಲಿ ಒಂದು:
ಮುಷ್ಟಿಯಷ್ಟು ಬಿಸಿ, ಹುರುಳಿಕಾಳಷ್ಟು ಕಣ್ಣು.
“ಕುಡಿಸಿದಿರಲ್ಲ,” ಅಂದ.

ಪೆಟ್ಟಿಗೆ ಎತ್ತಿಕೊಂಡು ಹತ್ತಿದೆ.
ಎರಡು ಗಾಜಿನ ಕೊಳವೆ, ಎರಡೆರಡು ಹನಿ.
ನಳದ ನೀರು ಹಳದಿಗೆ ತಿರುಗಿತು,
ಮದುಮಗಳು ಅಂಗೈ ತೊಳೆದಂಥ ಹಳದಿ.
ಪರಾತದ ನೀರು ತಿರುಗಲೇ ಇಲ್ಲ.
ಅಲುಗಿಸಿದೆ, ಬೆಳಕಿಗೆ ಹಿಡಿದೆ. ಏನೂ ಇಲ್ಲ.

“ನೋಡಿದೆಯಾ, ಸ್ವಚ್ಛ,” ಅಂದ ಚಾಚಾ.

ಮರಿಯ ಕೊಕ್ಕು ಬಿಡಿಸಿದೆ.
ನಾಲಗೆಯ ಬುಡದಲ್ಲಿ ಇತ್ತು ಇನ್ನೊಂದು ಹಳದಿ,
ಒಡೆದ ಹಾಲಿನ ಗಸಿಯಂತೆ, ಉಸಿರಿಗೆ ಅಡ್ಡ.
ಒಂದು ಹಕ್ಕಿಯ ಬಾಯಿಂದ ಇನ್ನೊಂದರ ಬಾಯಿಗೆ
ಇದೇ ಪರಾತದಲ್ಲಿ ಈಜಿ ಬಂದದ್ದು,
ಅಲ್ಲಿಂದ ಹಾಲಿಗೆ, ಹಾಲಿನಿಂದ ಮರಿಗೆ.
ಹಾಲು ಕುಡಿದ ಮಕ್ಕಳೇ ಬದುಕೋದಿಲ್ಲ ಎಂಬ ಮಾತು
ನಾಲಗೆಯ ತುದಿಗೆ ಬಂತು. ನುಂಗಿದೆ.

ಚಾಚಾ ಎರಡೂ ಹಳದಿ ನೋಡಿದ,
ಒಳ್ಳೆಯ ಕಣ್ಣಿನ ಹತ್ತಿರ ತಂದು ತಂದು.
ಬಹಳ ಹೊತ್ತಿನ ಮೇಲೆ ಕೊಳವೆಗೆ ಕೈಚಾಚಿ,
“ಈ ಬಣ್ಣದ್ದನ್ನ ಕುಡಿಸಲಾ?”
ಕಸಿದು ದೂರದ ಮೋರಿಗೆ ಚೆಲ್ಲಿದೆ.
ಬಣ್ಣ ತೋರಿಸೋ ಹನಿಯೇ ವಿಷ, ಚಾಚಾ,
ನಿಜ ಹೇಳಿದ ನೀರನ್ನ ಯಾರೂ ಕುಡಿಯಬಾರದು.

ಐದು ಸತ್ತವು. ಪರೇಲಿನ ಡಾಕ್ಟರ ಗುಳಿಗೆಯನ್ನು
ಕಾಲು ಕಾಲು ಮುರಿದು ನುಂಗಿಸಿ ಮಿಕ್ಕವನ್ನು ಉಳಿಸಿಕೊಂಡ.
ನನ್ನ ದವಾಕ್ಕೆ ಅಷ್ಟು ಕಸುವಿಲ್ಲ;
ದಾಟುವುದನ್ನು ತಡೆದೀತು, ಅದೂ ತಾಜಾ ಇದ್ದರೆ,
ಅದೂ ಪರಾತ ತೊಳೆದಿದ್ದರೆ.

ಈಗ ನಾಲ್ಕೂ ಹತ್ತಕ್ಕೆ ನಳ ಕೆಮ್ಮಿದರೆ
ಮೇಲೆ ಬೂದಿ ಹಾಕಿ ತಿಕ್ಕುವ ಸದ್ದು.
ಅರ್ಧ ರಾತ್ರಿಯ ನೀರು, ಅರ್ಧ ಆಗಿನದು ಎಂದು
ತನ್ನದೇ ಒಂದು ಲೆಕ್ಕ ಹೂಡಿದ್ದಾನೆ;
ಪೂರ್ತಿ ಸೋಲುವ ಆಸಾಮಿಯಲ್ಲ.
ಮೊದಲ ಗುಟುಕು ತಾನು ಕುಡಿದು ಮುಖ ಕಿವುಚುತ್ತಾನೆ.

ಹಕ್ಕಿಗಳು ಇಳಿಯುತ್ತವೆ.
ಕೋಳಿಯಂತೆ ಗುಟುಕಿಗೊಮ್ಮೆ ತಲೆಯೆತ್ತಿ
ಮೇಲಿನವನಿಗೆ ಲೆಕ್ಕ ಒಪ್ಪಿಸುವುದಿಲ್ಲ ಪಾರಿವಾಳ.
ಕೊಕ್ಕನ್ನು ಮೂಗಿನವರೆಗೆ ಮುಳುಗಿಸಿ
ಎಮ್ಮೆಯ ಹಾಗೆ ಒಂದೇ ಎಳೆತಕ್ಕೆ ಹೀರುತ್ತದೆ,
ಹಿಂದೆ ಯಾರು ನಿಂತಿದ್ದಾರೆಂದು ನೋಡದೆ.

ಅಷ್ಟು ನಂಬಿಕೆಯ ಎದುರು
ನಾನು ವಹಿ ತೆರೆದು ‘ಪಾಯಿಂಟ್ ಎರಡು’ ಎಂದು ಬರೆಯುತ್ತೇನೆ,
ಸಹಿ ಹಾಕುತ್ತೇನೆ,
ಅಂಗೈ ಮೂಸಿಕೊಂಡು
ಮೆಟ್ಟಿಲು ಇಳಿಯುತ್ತೇನೆ.